ಕುದುರೆಯಿಂದ ಇಳಿದ ಸವಾರ

ಕುದುರೆ ಮೇಲೆ ಕೂತವನು ಯಾರು, ಬರಿಗಾಲಲ್ಲಿ ನಿಂತವನು ಯಾರು? ಮೆಕ್ಸಿಕೋದ ಚಿತ್ರಕಾರ ಡಿಯೇಗೋ ರಿವೇರಾನ (1886–1957) ಗೋಡೆಚಿತ್ರಗಳ ಮುಂದೆ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಣ್ಣ, ರೇಖೆಗಳ ಮಾತು ಆಮೇಲೆ.

ಆ ನಾಡಿಗೆ ಕುದುರೆ ತಂದವರು ಸ್ಪೇನಿನವರು. ಗೆದ್ದ ಮೇಲೆ, ಮೂಲನಿವಾಸಿಗಳು ಅಪ್ಪಣೆಯಿಲ್ಲದೆ ಕುದುರೆ ಏರಬಾರದು ಅಂತ ಕಾನೂನು ಮಾಡಿದರು. ಮದುವೆಯ ದಿನ ಕುದುರೆ ಏರಿದ ದಲಿತ ಹುಡುಗನನ್ನು ಕೆಳಗೆಳೆಯುವ ದೇಶದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಯೆರ್ನವಾಕಾ ಊರಿನಲ್ಲಿ, ಆ ನಾಡನ್ನು ಗೆದ್ದ ಕೊರ್ಟೆಸ್ ಕಟ್ಟಿಸಿದ ಅರಮನೆ ಇದೆ. 1929-30ರಲ್ಲಿ ರಿವೇರಾ ಅದರ ಗೋಡೆಯ ಮೇಲೆಯೇ ಮೊರೆಲೋಸ್ ಸೀಮೆಯ ಚರಿತ್ರೆ ಬರೆದ. ಕಬ್ಬಿನ ತೋಟದ ಚಿತ್ರ ನೋಡಿ: ಬೆನ್ನು ಬಾಗಿದ ಕೂಲಿಗಳು, ಕುದುರೆ ಮೇಲೆ ಮೇಲ್ವಿಚಾರಕ, ಜೋಲಿಯಲ್ಲಿ ಮಲಗಿದ ಧಣಿ. ಆದರೆ ಕೊನೆಗೆ ಬರುವ ರೈತನಾಯಕ ಎಮಿಲಿಯಾನೋ ಜಪಾಟಾ ಕುದುರೆ ಏರಿಲ್ಲ. ಬಿಳಿ ಕುದುರೆಯ ಲಗಾಮು ಹಿಡಿದು ನೆಲದ ಮೇಲೆ ನಿಂತಿದಾನೆ. 1931ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿಗಾಗಿ ಮತ್ತೆ ಬರೆದಾಗಲೂ ಹಾಗೇ: ಕೈಯಲ್ಲಿ ಕಬ್ಬು ಕಡಿಯುವ ಮಚ್ಚು, ಕಾಲ ಬುಡದಲ್ಲಿ ಸತ್ತ ಜಮೀನ್ದಾರ, ಹಿಂದೆ ರೈತರು. ಏರಿ ಕೂತರೆ ಇವನೂ ಇನ್ನೊಬ್ಬ ಧಣಿಯಂತೆ ಕಂಡಾನು ಅನ್ನೋ ಎಚ್ಚರ ಅದರಲ್ಲಿದೆ. ಅದು ದೊಡ್ಡ ಎಚ್ಚರ.

ಆದರೂ ಒಂದು ತಕರಾರು. ನಿಜದ ಜಪಾಟಾ ಹೆಸರಾದ ಸವಾರ, ಕುದುರೆ ಪಳಗಿಸುವವನು. ಸರ್ವಾಧಿಕಾರಿ ಪೊರ್ಫಿರಿಯೋ ಡಿಯಾಸನ ಅಳಿಯನ ಲಾಯದಲ್ಲೂ ದುಡಿದಿದ್ದ. ಫೋಟೋಗಳಲ್ಲಿ ಅವನದು ಅಗಲ ಟೋಪಿ, ಸವಾರರ ಚೆಂದದ ಬಿಗಿ ಉಡುಪು. ರಿವೇರಾ ಅದನ್ನು ಕಳಚಿ ಕೂಲಿಯವನ ಬಿಳಿ ಬಟ್ಟೆ ತೊಡಿಸಿದ. ನಮ್ಮವನು ಅಂತ ತೋರಿಸಲು ಅವನನ್ನು ಬಡವನನ್ನಾಗಿಯೇ ನಿಲ್ಲಿಸಬೇಕೆ? ಕುದುರೆ ಏರಬೇಡ ಅಂತ ಅನ್ನಿಸಿಕೊಂಡ ನಾಡಿನಲ್ಲಿ, ಒಳ್ಳೆ ಬಟ್ಟೆ ತೊಟ್ಟು ತಲೆಯೆತ್ತಿ ಸವಾರಿ ಮಾಡೋದೂ ಬಂಡಾಯವೇ ಅಲ್ಲವೇ?

ಕ್ರಾಂತಿಯ ಹೆಚ್ಚಿನ ವರ್ಷಗಳನ್ನು ರಿವೇರಾ ಯೂರೋಪಿನಲ್ಲಿ ಕಳೆದ. 1921ರಲ್ಲಿ ಅವನು ಮರಳುವ ಹೊತ್ತಿಗೆ ಜಪಾಟಾನನ್ನು ಮೋಸದಿಂದ ಕೊಂದು ಎರಡು ವರ್ಷವಾಗಿತ್ತು. ಅರಮನೆಯ ಗೋಡೆಚಿತ್ರಕ್ಕೆ ಹಣ ಕೊಟ್ಟವನು ಅಮೆರಿಕದ ರಾಯಭಾರಿ ಡ್ವೈಟ್ ಮಾರೋ. ಇದನ್ನು ಮುಚ್ಚಿಟ್ಟು ಹೊಗಳುವುದು ಬೇಡ. ಇದಕ್ಕಾಗಿ ಚಿತ್ರವನ್ನು ತಳ್ಳಿಹಾಕುವುದೂ ಬೇಡ. ಯಾರ ದುಡ್ಡಾದರೇನು, ಗೆದ್ದವನ ಅರಮನೆಯ ಗೋಡೆಯಲ್ಲಿ ಸೋತವರು ಎದ್ದು ನಿಂತಿದಾರೆ.

ಮೇಷ್ಟರುಗಳು ಈ ಚಿತ್ರವನ್ನು ಮಕ್ಕಳಿಗೆ ತೋರಿಸಲಿ. ಪಕ್ಕದಲ್ಲಿ ಜಪಾಟಾನ ಫೋಟೋ ಕೂಡ ಇಡಲಿ. ಯಾವನು ನಮ್ಮವನು ಅಂತ ಕೇಳಿದರೆ, ಮಕ್ಕಳು ಇಬ್ಬರನ್ನೂ ತೋರಿಸಿಯಾರು.