ಪೌಸೇನಿಯಸನೊಡನೆ ಮೈಸೀನೀ: ಸ್ಥಳಪುರಾಣ ಮತ್ತು ಚರಿತ್ರೆ

ಪ್ರಾಚೀನ ಗ್ರೀಸಿನ ಇತಿಹಾಸವನ್ನು ಬೋಧಿಸುವ ನಮ್ಮಂಥ ಅಧ್ಯಾಪಕರಿಗೆ ಒಂದು ಕಥೆ ಬಹು ಪ್ರಿಯವಾದುದು. ಹೈನ್‌ರಿಖ್ ಶ್ಲೀಮನ್ ಎಂಬ ಜರ್ಮನ್ ವರ್ತಕನು ಹೋಮರನ ಕಾವ್ಯವನ್ನು ಅಕ್ಷರಶಃ ನಂಬಿ, ವಿದ್ವಾಂಸರ ಪರಿಹಾಸ್ಯವನ್ನು ಲೆಕ್ಕಿಸದೆ, 1876ರಲ್ಲಿ ಮೈಸೀನೀಯ ನೆಲವನ್ನು ಅಗೆಸಿ ಅಗಮೆಮ್ನಾನನ ಸ್ವರ್ಣಮುಖವನ್ನು ಹೊರತೆಗೆದನೆಂಬುದೇ ಆ ಕಥೆ. ವಿದ್ಯಾರ್ಥಿಗಳು ತೂಕಡಿಸುವ ಮಧ್ಯಾಹ್ನದ ವೇಳೆಯಲ್ಲಿ ಇದನ್ನು ಹೇಳಿದರೆ ತರಗತಿ ಎಚ್ಚರಗೊಳ್ಳುತ್ತದೆ. ನಾವೂ ಇದನ್ನು ಹಲವು ವರ್ಷ ಹೇಳಿದ್ದೇವೆ. ಈಚೆಗೆ ಪೌಸೇನಿಯಸನ ‘ಗ್ರೀಸಿನ ವರ್ಣನೆ’ಯ ಎರಡನೆಯ ಭಾಗವನ್ನು ಉತ್ಖನನದ ನಕ್ಷೆಯ ಜೊತೆಯಲ್ಲಿಟ್ಟುಕೊಂಡು ಓದಿದಾಗ, ಈ ಕಥೆಯ ಮುಖ್ಯವಾದ ಎರಡು ಅಂಶಗಳೂ ಸರಿಯಲ್ಲವೆಂದು ನಮಗೆ ಮನವರಿಕೆಯಾಯಿತು. ಶ್ಲೀಮನ್ನನಿಗೆ ಅಗೆಯಬೇಕಾದ ಸ್ಥಳವನ್ನು ತೋರಿಸಿಕೊಟ್ಟವನು ಹೋಮರನಲ್ಲ. ಅಲ್ಲಿ ದೊರೆತ ಮುಖವು ಅಗಮೆಮ್ನಾನನದೂ ಅಲ್ಲ. ಈ ತಪ್ಪು ಹೇಗೆ ಬೆಳೆಯಿತು, ಅದರಲ್ಲಿ ಪೌಸೇನಿಯಸನ ಪಾಲೆಷ್ಟು ಎಂಬುದನ್ನು ಇಲ್ಲಿ ವಿಮರ್ಶಿಸಬೇಕೆಂದಿದ್ದೇವೆ. ನಾವು ಮೂಲ ಗ್ರೀಕನ್ನು ಬಲ್ಲವರಲ್ಲ. 1898ರಲ್ಲಿ ಆರು ಸಂಪುಟಗಳಲ್ಲಿ ಪ್ರಕಟವಾದ ಫ್ರೇಸರನ ಇಂಗ್ಲಿಷ್ ಅನುವಾದವೂ ವ್ಯಾಖ್ಯಾನವೂ ನಮಗೆ ಆಧಾರ. ಮೈಸೀನೀಯನ್ನು ಕಣ್ಣಾರೆ ಕಂಡವರೂ ನಾವಲ್ಲ. ಪೌಸೇನಿಯಸನ ಹಿಂದೆ ಹಿಂದೆ ನಡೆದುದಷ್ಟೇ ನಮ್ಮ ಯಾತ್ರೆ.

ಪೌಸೇನಿಯಸನು ಕ್ರಿ.ಶ. ಎರಡನೆಯ ಶತಮಾನದವನು. ಏಷ್ಯಾ ಮೈನರಿನ ಲಿಡಿಯ ಪ್ರಾಂತದವನೆಂದು ಆತನ ಬರಹದಿಂದಲೇ ಊಹಿಸಲಾಗಿದೆ. ಹೇಡ್ರಿಯನ್ನನಿಂದ ಮಾರ್ಕಸ್ ಆರೀಲಿಯಸನವರೆಗಿನ ರೋಮನ್ ಚಕ್ರವರ್ತಿಗಳ ಕಾಲವನ್ನು ಆತನು ಕಂಡಿದ್ದನು. ಹತ್ತು ಭಾಗಗಳ ಈ ಗ್ರಂಥದಲ್ಲಿ ಆತನು ಆಟಿಕದಿಂದ ಆರಂಭಿಸಿ, ಪ್ರಾಂತ ಪ್ರಾಂತಗಳನ್ನು ದಾಟಿ, ಡೆಲ್ಫಿಯಿರುವ ಫೋಕಿಸಿನವರೆಗೆ ಓದುಗನನ್ನು ಕರೆದೊಯ್ಯುತ್ತಾನೆ. ಇಂಥ ದ್ವಾರವನ್ನು ದಾಟಿದರೆ ಇಂಥ ಗುಡಿ, ಅದರ ಪಕ್ಕದಲ್ಲಿ ಇಂಥವನ ಸಮಾಧಿ, ಅದರ ವಿಷಯವಾಗಿ ಊರಿನವರು ಹೇಳುವ ಕಥೆ ಇದು: ಇದೇ ಆತನ ನಡೆ. ಆಗ ಗ್ರೀಸು ರೋಮಿನ ಅಧೀನವಾಗಿ ಮುನ್ನೂರು ವರ್ಷಗಳೇ ಸಂದಿದ್ದುವು. ಆತನು ಕಂಡ ಊರುಗಳಲ್ಲಿ ಎಷ್ಟೋ ಆಗಲೇ ಹಾಳುಬಿದ್ದಿದ್ದುವು. ಪಾಳುಗಳ ನಡುವೆ ಪುರಾಣ ಹೇಳುವ ಕಸಬು ನಮ್ಮ ಕಾಲದ್ದೆಂದು ತಿಳಿದಿರುವವರು ಇದನ್ನು ಗಮನಿಸಬೇಕು.

ಆ ಕಸಬಿನವರು ಆಗಲೂ ಇದ್ದರು. ಅವರಿಗೆ ಗ್ರೀಕಿನಲ್ಲಿ ‘ಎಕ್ಸೆಗೆಟೇಸ್’, ಎಂದರೆ ವಿವರಿಸಿ ಹೇಳುವವನು, ಎಂದು ಹೆಸರು. ಪೌಸೇನಿಯಸನು ಅವರನ್ನು ಮತ್ತೆ ಮತ್ತೆ ಸ್ಮರಿಸುತ್ತಾನೆ; ಕೆಲವೆಡೆ ಅವರೊಡನೆ ಜಗಳವಾಡುತ್ತಾನೆ. ಆರ್ಗಾಸಿನ ಪ್ರಸಂಗದಲ್ಲಿ ಆತನ ಒಂದು ಮಾತು ಮನನೀಯವಾದುದು. ತಾವು ಹೇಳುವುದೆಲ್ಲ ನಿಜವಲ್ಲವೆಂಬುದು ಅಲ್ಲಿನ ವಿವರಣಕಾರರಿಗೇ ಗೊತ್ತು, ಆದರೂ ಹೇಳುತ್ತಾರೆ, ಏಕೆಂದರೆ ಬಹುಜನರ ನಂಬಿಕೆಯನ್ನು ಬದಲಾಯಿಸುವುದು ಸುಲಭವಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಇನ್ನೊಂದೆಡೆ, ಗ್ರೀಕರು ಹೇಳುವುದನ್ನು ವರದಿಮಾಡುವುದು ತನ್ನ ಕರ್ತವ್ಯ, ಅದನ್ನೆಲ್ಲ ನಂಬುವುದು ತನ್ನ ಕರ್ತವ್ಯವಲ್ಲ ಎಂದೂ ಸ್ಪಷ್ಟಪಡಿಸುತ್ತಾನೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡುವ ಈ ಎಚ್ಚರವು ಆತನಲ್ಲಿ ಸದಾ ಜಾಗೃತವಾಗಿತ್ತೆಂದು ನಾವು ಹೇಳುವುದಿಲ್ಲ. ಇತ್ತೆಂಬುದೇ ದೊಡ್ಡದು.

ಇನ್ನು ಮೈಸೀನೀಗೆ ಬರೋಣ. ಮೊದಲು ಹೆಸರಿನ ಪ್ರಶ್ನೆ. ಪರ್ಸಿಯಸನ ಕತ್ತಿಯೊರೆಯ ತುದಿಯ ಕಟ್ಟು ಇಲ್ಲಿ ಕಳಚಿಬಿದ್ದುದರಿಂದ ಊರಿಗೆ ಈ ಹೆಸರು ಬಂದಿತೆಂಬುದು ಒಂದು ಕಥೆ. ಬಾಯಾರಿದ ಪರ್ಸಿಯಸನು ನೆಲದಿಂದ ಅಣಬೆಯೊಂದನ್ನು ಕಿತ್ತಾಗ ನೀರು ಉಕ್ಕಿತೆಂಬುದು ಇನ್ನೊಂದು. ಗ್ರೀಕಿನಲ್ಲಿ ಎರಡಕ್ಕೂ ‘ಮೈಕೇಸ್’ ಎಂಬ ಒಂದೇ ಶಬ್ದ. ನಮ್ಮ ಸ್ಥಳಪುರಾಣಗಳನ್ನು ಓದಿದವರಿಗೆ ಈ ಬಗೆಯ ನಿರುಕ್ತಿ ಹೊಸದಲ್ಲ. ಇನಾಕಸನ ಮಗಳು ಮೈಸೀನೆಯಿಂದ ಹೆಸರು ಬಂದಿತೆಂಬ ಮೂರನೆಯ ಮತವನ್ನೂ ಪೌಸೇನಿಯಸನು ಕೊಡುತ್ತಾನೆ.

ಬಳಿಕ ಕಣ್ಣಿಗೆ ಕಾಣುವ ಸಂಗತಿ. ಕೋಟೆಯ ಗೋಡೆಯ ಒಂದಷ್ಟು ಭಾಗವೂ, ಸಿಂಹಗಳು ನಿಂತಿರುವ ದ್ವಾರವೂ ಉಳಿದಿವೆಯೆಂದೂ, ಟಿರಿನ್ಸಿನ ಗೋಡೆಯನ್ನು ಕಟ್ಟಿದ ಸೈಕ್ಲೋಪರೇ ಇದನ್ನೂ ಕಟ್ಟಿದರೆಂದು ಹೇಳುತ್ತಾರೆಂದೂ ಬರೆಯುತ್ತಾನೆ. ಟಿರಿನ್ಸಿನ ಕಲ್ಲುಗಳಲ್ಲಿ ಅತ್ಯಂತ ಚಿಕ್ಕದನ್ನೂ ಒಂದು ಜೊತೆ ಹೇಸರಗತ್ತೆಗಳು ಅಲುಗಿಸಲಾರವೆಂಬ ಆತನ ಅಳತೆಯಲ್ಲಿ ಕಥೆಯ ಹುಟ್ಟು ತಾನಾಗಿ ವ್ಯಕ್ತವಾಗಿದೆ. ಈ ಬಂಡೆಗಳನ್ನು ಎತ್ತಿದವರು ತಮ್ಮಂಥ ಮನುಷ್ಯರೆಂದು ನಂಬಲಾರದವರು ಒಕ್ಕಣ್ಣಿನ ದೈತ್ಯರನ್ನು ಕಲ್ಪಿಸಿಕೊಂಡರು. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಬೃಹತ್‌ಶಿಲಾ ಸಮಾಧಿಗಳನ್ನು ಮೋರಿಯರ ಮನೆಗಳೆಂದು ಕರೆದ ನಮ್ಮ ಹಳ್ಳಿಗರ ಮನಸ್ಸೂ ಇದೇ ದಾರಿಯನ್ನು ಹಿಡಿದಿತ್ತು. ಇಲ್ಲಿ ಕಥೆಯನ್ನು ಸ್ಮಾರಕವಾಗಿಸಲು ಕಲ್ಲು ನಿಂತಿಲ್ಲ. ಕಲ್ಲನ್ನು ಅರ್ಥಮಾಡಿಕೊಳ್ಳಲು ಕಥೆ ಹುಟ್ಟಿದೆ. ಸಿಂಹದ್ವಾರವು ಕ್ರಿ.ಪೂ. 1250ರ ಸುಮಾರಿನದೆಂದು ಈಗ ನಿರ್ಣಯಿಸಲಾಗಿದೆ. ಅಂದರೆ ಪೌಸೇನಿಯಸನು ಅದರ ಕೆಳಗೆ ನಿಂತಾಗ ಅದಕ್ಕೆ ಹದಿನಾಲ್ಕು ಶತಮಾನಗಳ ವಯಸ್ಸಾಗಿತ್ತು.

ಅನಂತರ ಆತನು ಪರ್ಸಿಯ ಎಂಬ ಬುಗ್ಗೆಯನ್ನೂ, ಆಟ್ರಿಯಸನೂ ಆತನ ಮಕ್ಕಳೂ ಧನವನ್ನು ಕೂಡಿಟ್ಟ ನೆಲದಡಿಯ ಕಟ್ಟಡಗಳನ್ನೂ ಹೇಳುತ್ತಾನೆ. ಇವು ಭಂಡಾರಗಳಲ್ಲ, ಜೇನುಗೂಡಿನ ಆಕಾರದ ಗುಮ್ಮಟವುಳ್ಳ ರಾಜಸಮಾಧಿಗಳು. ಮೈಸೀನೀಯಲ್ಲಿ ಇಂಥವು ಒಂಬತ್ತು ಇವೆ. ಅವುಗಳಲ್ಲಿ ಅತ್ಯಂತ ಭವ್ಯವಾದುದರ ಗುಮ್ಮಟ 13 ಮೀಟರುಗಳಿಗೂ ಹೆಚ್ಚು ಎತ್ತರವಿದೆ; ಬಾಗಿಲ ಮೇಲಿನ ಒಳಗಿನ ತೊಲೆಗಲ್ಲು ಒಂದರದೇ ತೂಕವನ್ನು ಸುಮಾರು 120 ಟನ್ನೆಂದು ಅಂದಾಜುಮಾಡಲಾಗಿದೆ. ಒಳಗಿನ ಸಂಪತ್ತು ಎಂದೋ ಸೂರೆಹೋಗಿ, ಬರಿದಾದ ಭವ್ಯ ಕೋಣೆ ಮಾತ್ರ ಉಳಿದಿದ್ದುದರಿಂದ, ಅದು ಭಂಡಾರವಾಗಿದ್ದಿರಬೇಕೆಂದು ಜನ ಊಹಿಸಿದರು. ಆ ಊಹೆಯನ್ನು ಪೌಸೇನಿಯಸನು ಬರೆದಿಟ್ಟನು. ಇಂದಿನ ಪಠ್ಯಪುಸ್ತಕಗಳೂ ಅದನ್ನು ‘ಆಟ್ರಿಯಸನ ಭಂಡಾರ’ ಎಂದೇ ಕರೆಯುತ್ತಿವೆ! ತಪ್ಪೆಂದು ಎಲ್ಲರಿಗೂ ತಿಳಿದಿದ್ದರೂ ಹೆಸರು ಬಿಟ್ಟಿಲ್ಲ. ಆರ್ಗಾಸಿನ ವಿವರಣಕಾರರನ್ನು ಹಳಿಯುವ ಮೊದಲು ನಮ್ಮ ವಿದ್ವಾಂಸರು ಇದನ್ನು ನೆನೆಯಬೇಕು.

ಈಗ ವಾದಗ್ರಸ್ತವಾದ ಭಾಗ. ಆಟ್ರಿಯಸನ ಗೋರಿ, ಟ್ರಾಯಿನಿಂದ ಹಿಂದಿರುಗಿ ಈಜಿಸ್ತಸನ ಔತಣದಲ್ಲಿ ಕೊಲೆಯಾದವರ ಗೋರಿಗಳು, ಅಗಮೆಮ್ನಾನನದು, ಆತನ ಸಾರಥಿ ಯುರಿಮಿಡಾನನದು, ಕಸ್ಸಾಂಡ್ರಳ ಅವಳಿ ಮಕ್ಕಳದು, ಇಲೆಕ್ಟ್ರಳದು ಎಂದು ಪೌಸೇನಿಯಸನು ಪಟ್ಟಿಮಾಡುತ್ತಾನೆ. ಕ್ಲೈಟಮ್ನೆಸ್ಟ್ರ ಮತ್ತು ಈಜಿಸ್ತಸರು ಮಾತ್ರ ಗೋಡೆಯಿಂದ ತುಸು ದೂರದಲ್ಲಿ, ಹೊರಗೆ, ಹೂಳಲ್ಪಟ್ಟರು; ಕೊಲೆಯಾದವರು ಮಲಗಿದ್ದ ಒಳನೆಲಕ್ಕೆ ಅವರು ಅರ್ಹರಲ್ಲವೆಂದು ಎಣಿಸಲಾಯಿತು. ಇದರಲ್ಲಿ ‘ಗೋಡೆ’ ಎಂದರೆ ಯಾವ ಗೋಡೆ? ಶ್ಲೀಮನ್ನನಿಗಿಂತ ಹಿಂದಿನ ವಿದ್ವಾಂಸರು ಕೆಳಪಟ್ಟಣದ ಗೋಡೆಯೆಂದು ತಿಳಿದಿದ್ದರು. ಪೌಸೇನಿಯಸನ ಕಾಲಕ್ಕೆ ಎದ್ದುನಿಂತಿದ್ದುದು ಕೋಟೆಯ ಗೋಡೆಯೇ, ಆದ್ದರಿಂದ ಆತನು ಹೇಳುವುದೂ ಅದನ್ನೇ ಎಂದು ಶ್ಲೀಮನ್ನನು ವಾದಿಸಿ ಸಿಂಹದ್ವಾರದ ಒಳಗೆ ಅಗೆಸಿದನು. ಬಂಡೆಯಲ್ಲಿ ಆಳವಾಗಿ ತೋಡಿದ ಐದು ಗೋರಿಗಳು ಆತನಿಗೆ ದೊರೆತುವು. ಆರನೆಯದು ಮರುವರ್ಷ ಸ್ಟಮಟಾಕಿಸನಿಗೆ ದೊರೆಯಿತು. ಚಿನ್ನದ ಮುಖವಾಡಗಳು, ಕತ್ತಿಗಳು, ಪಾತ್ರೆಗಳು ರಾಶಿರಾಶಿಯಾಗಿ ಬಂದುವು. ಒಂದು ವಾಕ್ಯದ ಸರಿಯಾದ ಓದಿಗೆ ಇಷ್ಟು ದೊಡ್ಡ ಫಲ ದೊರೆತ ಉದಾಹರಣೆ ನಮ್ಮ ಶಾಸ್ತ್ರದಲ್ಲಿ ಬಲು ವಿರಳ. ಆ ಕೀರ್ತಿಯನ್ನು ಶ್ಲೀಮನ್ನನಿಂದ ಕಸಿದುಕೊಳ್ಳುವುದು ನಮ್ಮ ಉದ್ದೇಶವಲ್ಲ.

ಆದರೆ ಗೋರಿಗಳೊಳಗೆ ಇದ್ದವರು ಯಾರು? ಆರು ಗೋರಿಗಳಲ್ಲಿ ಒಟ್ಟು ಹತ್ತೊಂಬತ್ತು ಜನ: ಎಂಟು ಗಂಡಸರು, ಒಂಬತ್ತು ಹೆಂಗಸರು, ಇಬ್ಬರು ಮಕ್ಕಳು. ಅವರನ್ನು ಒಂದೇ ದಿನ ಹೂಳಿದುದಲ್ಲ. ಒಂದು ರಾಜವಂಶವು ತಲೆಮಾರುಗಳ ಕಾಲ ತನ್ನವರನ್ನು ಅಲ್ಲಿ ಮಲಗಿಸಿತು. ‘ಅಗಮೆಮ್ನಾನನ ಮುಖವಾಡ’ವೆಂದು ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಪ್ರಸಿದ್ಧವಾಗಿರುವುದು ಕ್ರಿ.ಪೂ. 16ನೆಯ ಶತಮಾನದ್ದು. ಟ್ರಾಯಿನ ಪತನಕ್ಕೆ ಎರಟಾಸ್ತನೀಸನು ಗಣಿಸಿಕೊಟ್ಟ ವರ್ಷ ಕ್ರಿ.ಪೂ. 1184. ನಡುವೆ ಮುನ್ನೂರು ವರ್ಷಗಳಿಗೂ ಮೀರಿದ ಅಂತರವಿದೆ. ಇದರ ಮೇಲೆ 1950ರ ದಶಕದಲ್ಲಿ ಗೋಡೆಯ ಹೊರಗೆ, ಕ್ಲೈಟಮ್ನೆಸ್ಟ್ರಳದೆಂದು ಕರೆಯಲಾಗುವ ಗುಮ್ಮಟದ ಪಕ್ಕದಲ್ಲಿಯೇ, ಇನ್ನೊಂದು ಗೋರಿಗಳ ವಲಯವು ಪತ್ತೆಯಾಯಿತು. ಅದು ಒಳಗಿನದಕ್ಕಿಂತಲೂ ಹಳೆಯದೆಂದು ತಿಳಿದುಬಂದಿತು. ಒಳಗಿನ ಗೋರಿಗಳು ಪುಣ್ಯವಂತರವು, ಹೊರಗಿನವು ಪಾಪಿಗಳವು ಎಂಬ ಕಥೆ ನೆಲದ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಒಳಗಿನ ಗೋರಿಗಳೂ ಮೊದಲು ಗೋಡೆಯ ಹೊರಗೇ ಇದ್ದುವು, ಕ್ರಿ.ಪೂ. 1250ರ ಸುಮಾರಿನಲ್ಲಿ ಕೋಟೆಯನ್ನು ವಿಸ್ತರಿಸಿದಾಗ ಅವನ್ನು ಒಳಕ್ಕೆ ಸೇರಿಸಿಕೊಂಡು, ಸುತ್ತಲೂ ಚಪ್ಪಡಿಗಳ ಆವರಣ ಕಟ್ಟಿ, ಗುರುತಿನ ಕಲ್ಲುಗಳನ್ನು ಮೇಲ್ಮಟ್ಟದಲ್ಲಿ ಮತ್ತೆ ನೆಡಲಾಯಿತು.

ನಮ್ಮ ದೃಷ್ಟಿಯಲ್ಲಿ ಈ ವಿಷಯದ ಸಾರವಿರುವುದು ಇಲ್ಲಿಯೇ. ಪೌಸೇನಿಯಸನು ಈ ಗೋರಿಗಳನ್ನು ಕಂಡಿರಲಾರನು. ಆತನ ಕಾಲಕ್ಕೆ ಅವು ಮಣ್ಣಿನಡಿಯಲ್ಲಿ ಮುಚ್ಚಿಹೋಗಿದ್ದುವು. ಹಾಗಿದ್ದರೂ ಗೋಡೆಯ ಒಳಗೆ ಮಹಾಪುರುಷರ ಸಮಾಧಿಗಳಿವೆಯೆಂಬ ಮಾತು ಆತನ ಕಿವಿಗೆ ಬಿದ್ದಿತ್ತು. ಮೈಸೀನೀಯ ಅರಸರೇ ತಮ್ಮ ಹಿಂದಿನವರನ್ನು ಗೌರವಿಸಿ ಆ ಸ್ಥಳವನ್ನು ಪೂಜ್ಯವಾಗಿಸಿದ್ದುದರಿಂದ, ಸ್ಥಳದ ನೆನಪು ಉಳಿದು ಹೆಸರುಗಳು ಅಳಿದು, ಬರಿದಾದ ಆ ಜಾಗಕ್ಕೆ ಮಹಾಕಾವ್ಯದ ಹೆಸರುಗಳು ಬಂದು ಕುಳಿತುವೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ. ಐತಿಹ್ಯವು ‘ಎಲ್ಲಿ’ ಎಂಬುದನ್ನು ಕಾಪಾಡಿ ‘ಯಾರು’ ಎಂಬುದನ್ನು ಕಳೆದುಕೊಂಡಿತು. ಶ್ಲೀಮನ್ನನು ಮೊದಲನೆಯದು ನಿಜವಾದುದನ್ನು ಕಂಡು ಎರಡನೆಯದೂ ನಿಜವೆಂದು ಭಾವಿಸಿದನು. ನಾವು ತರಗತಿಯಲ್ಲಿ ಮಾಡುತ್ತ ಬಂದ ತಪ್ಪೂ ಇದೇ.

ಪೌಸೇನಿಯಸನನ್ನು ಬರಿಯ ನಕಲುಗಾರನೆಂದು 19ನೆಯ ಶತಮಾನದ ಕೆಲವು ಜರ್ಮನ್ ಪಂಡಿತರು ಜರೆದಿದ್ದುಂಟು. ಆ ಜರೆತ ನ್ಯಾಯವಲ್ಲ. ಒಲಿಂಪಿಯದ ಹೀರಾ ದೇವಾಲಯದಲ್ಲಿ ಶಿಶು ಡಯೊನೈಸಸನನ್ನು ಎತ್ತಿಕೊಂಡ ಹರ್ಮೀಸನ ಶಿಲಾಮೂರ್ತಿ ಇದೆಯೆಂದು ಆತನು ಬರೆದಿದ್ದನು. 1877ರಲ್ಲಿ ಅದು ಅದೇ ದೇವಾಲಯದಲ್ಲಿ ದೊರೆಯಿತು. ಆದರೆ ಆತನ ಕಣ್ಣು ಎಲ್ಲವನ್ನೂ ಕಾಣಲಿಲ್ಲ. ಕ್ರಿ.ಪೂ. 468ರ ಸುಮಾರಿನಲ್ಲಿ ಆರ್ಗಾಸಿನವರು ಮೈಸೀನೀಯನ್ನು ನಾಶಮಾಡಿದ ಬಳಿಕ ಅಲ್ಲಿ ಏನೂ ನಡೆಯಲಿಲ್ಲವೆಂಬಂತೆ ಆತನು ಬರೆಯುತ್ತಾನೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲ್ಲಿ ಮತ್ತೆ ಊರು ಎದ್ದಿತ್ತು, ಕ್ಲೈಟಮ್ನೆಸ್ಟ್ರಳ ಗುಮ್ಮಟದ ಹಾದಿಯ ಮೇಲೆಯೇ ನಾಟಕಶಾಲೆಯ ಆಸನಗಳನ್ನು ಕಟ್ಟಿದ್ದರು. ಅಗಮೆಮ್ನಾನನ ಊರನ್ನು ನೋಡಬಂದವನಿಗೆ, ತನಗಿಂತ ನಾಲ್ಕುನೂರು ವರ್ಷ ಹಿಂದಿನ ಸಾಮಾನ್ಯರ ಊರು ಗಣನೆಗೆ ಬರಲಿಲ್ಲ. ಪುರಾಣದ ಮೋಹವು ಇತಿಹಾಸಕ್ಕೆ ಮಾಡುವ ನಿಜವಾದ ಹಾನಿ ಸುಳ್ಳನ್ನು ಸೇರಿಸುವುದರಲ್ಲಿಲ್ಲ, ಹೀಗೆ ನಿಜವನ್ನು ಮರೆಯಿಸುವುದರಲ್ಲಿದೆ ಎಂದು ನಮಗೆ ತೋರುತ್ತದೆ.

ಆತನ ಸಂಶಯವೂ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಹೆಫೀಸ್ಟಸನ ಕೈಕೆಲಸವೆಂದು ತೋರಿಸುವ ವಸ್ತುಗಳನ್ನೆಲ್ಲ ಪರೀಕ್ಷಿಸಿ ತಳ್ಳಿಹಾಕಿದ ಆತನು, ಕೈರೊನಿಯದ ಅರ್ಚಕನ ಮನೆಯಲ್ಲಿ ನಿತ್ಯ ನೈವೇದ್ಯ ಪಡೆಯುತ್ತಿದ್ದ ಅಗಮೆಮ್ನಾನನ ರಾಜದಂಡವನ್ನು ಮಾತ್ರ ನಿಜವೆಂದು ಒಪ್ಪಿಕೊಂಡನು. ಕ್ರೋನಸನ ಕಥೆಯಂಥವನ್ನು ಮೊದಲು ಮೌಢ್ಯವೆಂದು ಎಣಿಸಿದ್ದವನು, ಆರ್ಕೇಡಿಯಕ್ಕೆ ಬರುವ ವೇಳೆಗೆ, ಪ್ರಾಚೀನರಲ್ಲಿ ಜ್ಞಾನಿಗಳಾದವರು ಒಗಟಿನ ರೂಪದಲ್ಲಿ ಮಾತನಾಡುತ್ತಿದ್ದರೆಂಬ ಅಭಿಪ್ರಾಯಕ್ಕೆ ಬಂದಿದ್ದನು. ಸುದೀರ್ಘ ಯಾತ್ರೆಯು ಆತನನ್ನು ಮೆತ್ತಗಾಗಿಸಿತೆನ್ನಬಹುದು.

ಬಿ. ಎಂ. ಶ್ರೀಯವರ ‘ಅಶ್ವತ್ಥಾಮನ್’ ಮೂಲಕ ಸೋಫೋಕ್ಲಿಸನ ‘ಏಜಾಕ್ಸ್’ ಕಡೆಗೆ ಹೋದ ನಮ್ಮ ವಿದ್ಯಾರ್ಥಿಗಳು ಅಗಮೆಮ್ನಾನನು ನಿಜವಾಗಿ ಇದ್ದನೇ ಎಂದು ಕೇಳುವುದುಂಟು. 1952ರಲ್ಲಿ ವೆಂಟ್ರಿಸನು ಓದಿದ ಲೀನಿಯರ್ ಬಿ ಲಿಪಿಯ ಮಣ್ಣಿನ ಹಲಗೆಗಳಲ್ಲಿ ಜ್ಯೂಸ್, ಪೊಸೈಡಾನ್ ಮೊದಲಾದ ದೇವತೆಗಳ ಹೆಸರುಗಳಿವೆ. ಅಕಿಲೀಸ್, ಹೆಕ್ಟರ್ ಎಂಬ ಹೆಸರುಗಳೂ ಸಾಧಾರಣ ಜನರವಾಗಿ ಬರುತ್ತವೆ. ಟ್ರಾಯಿಗೆ ದಂಡೆತ್ತಿಹೋದ ಮೈಸೀನೀಯ ಅರಸನ ಹೆಸರು ಇಲ್ಲ. ಪೌಸೇನಿಯಸನ ಗ್ರಂಥದಲ್ಲಿಯೇ ಇನ್ನೊಂದು ಉತ್ತರವಿದೆ. ಮೂರನೆಯ ಭಾಗದಲ್ಲಿ ಸ್ಪಾರ್ಟದ ಬಳಿಯ ಅಮೈಕ್ಲಿ ಎಂಬ ಊರಿಗೆ ಹೋದಾಗ, ಅಲ್ಲಿ ಕಸ್ಸಾಂಡ್ರಳದೆಂದು ಹೇಳುವ ಗುಡಿಯನ್ನೂ, ಕ್ಲೈಟಮ್ನೆಸ್ಟ್ರಳ ಪ್ರತಿಮೆಯನ್ನೂ, ಅಗಮೆಮ್ನಾನನದೆಂದು ಎಣಿಸಲಾದ ಇನ್ನೊಂದು ಗೋರಿಯನ್ನೂ ಆತನು ಹೇಳುತ್ತಾನೆ. ಶ್ಲೀಮನ್ನನ ಸಾಕ್ಷಿಯೇ ಎರಡು ಗೋರಿಗಳನ್ನು ಹೆಸರಿಸಿದ್ದಾನೆ! ಮೈಸೀನೀಯಲ್ಲಿ ನಿಂತಾಗಲೂ ಆತನಿಗೆ ಇದರ ನೆನಪಿತ್ತು. ಕಸ್ಸಾಂಡ್ರಳ ಗೋರಿಯ ವಿಷಯದಲ್ಲಿ ಅಮೈಕ್ಲಿಯವರ ತಕರಾರು ಇದೆಯೆಂದು ಅಲ್ಲಿಯೇ ಸೂಚಿಸುತ್ತಾನೆ. ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮೈಸೀನೀಯಿಂದ ಎಡಕ್ಕೆ ಹದಿನೈದು ಸ್ಟೇಡಿಯ ದೂರದಲ್ಲಿ ಹೀರಾ ದೇವಿಯ ಆಲಯವಿದೆಯೆಂದು ತಿಳಿಸಿ ಅತ್ತ ನಡೆಯುತ್ತಾನೆ.