'24'ರ ಏಳನೇ ಸೀಸನ್: ಇಮಾಮರ ಕ್ಷಮೆ ಯಾರ ಪರವಾಗಿ?

ಜನಪ್ರಿಯ ಧಾರಾವಾಹಿಯೊಂದು ತನ್ನ ನಾಯಕನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸುವುದು ಅಪರೂಪ. ಅಮೆರಿಕದ ಫಾಕ್ಸ್ ವಾಹಿನಿಯ '24' ತನ್ನ ಏಳನೇ ಸೀಸನ್ನಿನಲ್ಲಿ ಆ ಕೆಲಸ ಮಾಡಿತು. 2009ರ ಜನವರಿ 11ರಂದು ಪ್ರಸಾರವಾದ ಆರಂಭದ ಕಂತಿನಲ್ಲಿ ಜಾಕ್ ಬಾವರ್ ಸೂಟು ತೊಟ್ಟು ಸೆನೆಟ್ ಸಮಿತಿಯ ಮುಂದೆ ಕುಳಿತಿದ್ದಾನೆ. ಸೆನೆಟರ್ ಬ್ಲೇನ್ ಮೇಯರ್ ಕೇಳುವ ಪ್ರಶ್ನೆ ನೇರವಾಗಿದೆ. ಇಬ್ರಾಹೀಂ ಹದ್ದಾದ್ ಎಂಬವನಿಗೆ ನೀವು ಚಿತ್ರಹಿಂಸೆ ಕೊಟ್ಟಿರಾ? ಜಾಕ್ ಅಲ್ಲಗಳೆಯುವುದಿಲ್ಲ. ಹದ್ದಾದ್ ಒಂದು ಬಸ್ಸನ್ನು ಗುರಿ ಮಾಡಿಕೊಂಡಿದ್ದ, ಅದರಲ್ಲಿ 45 ಮಂದಿ ಇದ್ದರು, ಅವರಲ್ಲಿ 10 ಮಕ್ಕಳು, ನಾನು ಅದನ್ನು ತಡೆದೆ, ಮಾಡಿದ್ದಕ್ಕೆ ನನಗೆ ವಿಷಾದವಿಲ್ಲ ಎನ್ನುತ್ತಾನೆ.

ಈ ಹದ್ದಾದ್‌ನ ಮುಖವನ್ನು ನಾವು ನೋಡುವುದೇ ಇಲ್ಲ. ಅವನು ಬದುಕಿದ್ದಾನೋ, ಅವನಿಗೇನಾಯಿತು, ಅವನ ಮನೆಯವರು ಯಾರು ಎಂಬುದೂ ತಿಳಿಯುವುದಿಲ್ಲ. ಇಪ್ಪತ್ತನಾಲ್ಕು ಕಂತುಗಳ ಈ ಸೀಸನ್ನನ್ನು ನೋಡಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಸ್ಫೋಟಗಳಲ್ಲ, ಬೆನ್ನಟ್ಟುವಿಕೆಯಲ್ಲ. ತೆರೆಯ ಮೇಲೆ ಬಾರದ ಈ ಮನುಷ್ಯ.

'24' ನೋಡದವರಿಗಾಗಿ ಎರಡು ಮಾತು. 2001ರ ನವೆಂಬರ್ 6ರಂದು ಆರಂಭವಾಗಿ 2010ರ ಮೇ 24ರವರೆಗೆ ಎಂಟು ಸೀಸನ್‌ಗಳಲ್ಲಿ 192 ಕಂತುಗಳು ಬಂದವು. 2014ರಲ್ಲಿ ಇನ್ನೂ 12 ಕಂತುಗಳು ಸೇರಿಕೊಂಡವು. ಒಂದು ಸೀಸನ್ ಎಂದರೆ ಒಂದು ದಿನ, ಒಂದು ಕಂತು ಎಂದರೆ ಆ ದಿನದ ಒಂದು ಗಂಟೆ. ತೆರೆಯ ಮೇಲೆ ಡಿಜಿಟಲ್ ಗಡಿಯಾರ ಸೆಕೆಂಡುಗಳನ್ನು ಎಣಿಸುತ್ತಲೇ ಇರುತ್ತದೆ. ಕೀಫರ್ ಸದರ್ಲೆಂಡ್ ನಟಿಸಿದ ಜಾಕ್ ಬಾವರ್‌ಗೆ ಊಟವಿಲ್ಲ, ನಿದ್ದೆಯಿಲ್ಲ, ಸಮಯವಂತೂ ಇಲ್ಲವೇ ಇಲ್ಲ. ಈ 'ಸಮಯವಿಲ್ಲ' ಎಂಬುದೇ ಧಾರಾವಾಹಿಯ ಬಂಡವಾಳ, ಅದರ ರಾಜಕೀಯವೂ ಅದೇ. ಎಲ್ಲೋ ಬಾಂಬ್ ಇದೆ, ಅದರ ಗುಟ್ಟು ಬಲ್ಲವನು ನಿಮ್ಮ ಕೈಯಲ್ಲಿದ್ದಾನೆ, ಏನು ಮಾಡುತ್ತೀರಿ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಒಂದೇ. ಆದರೆ ಕೈಯಲ್ಲಿರುವವನಿಗೆ ಗುಟ್ಟು ಗೊತ್ತಿದೆ ಎಂದು ಮೊದಲೇ ತೀರ್ಮಾನಿಸಿದವರು ಯಾರು? ಕಥೆ ಬರೆದವರು.

ಈ ಆಟ ಮನರಂಜನೆಯಷ್ಟಕ್ಕೇ ನಿಲ್ಲಲಿಲ್ಲ. ಮೊದಲ ಐದು ಸೀಸನ್‌ಗಳಲ್ಲಿ ಚಿತ್ರಹಿಂಸೆಯ 67 ದೃಶ್ಯಗಳಿವೆ ಎಂದು ಅಮೆರಿಕದ ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಲೆಕ್ಕ ಹಾಕಿತ್ತು. 2006ರ ನವೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್ ಅನುಭವಿ ವಿಚಾರಣಾಧಿಕಾರಿಗಳನ್ನು ಜೊತೆಗೂಡಿಸಿಕೊಂಡು ಧಾರಾವಾಹಿಯ ತಂಡವನ್ನೇ ಭೇಟಿಯಾದರು. ತನ್ನ ವಿದ್ಯಾರ್ಥಿಗಳು ಇದನ್ನು ನೋಡಿ ಹಾಳಾಗುತ್ತಿದ್ದಾರೆ, ಚಿತ್ರಹಿಂಸೆ ತಿರುಗುಬಾಣವಾಗುವ ಒಂದು ಕಥೆಯನ್ನಾದರೂ ಮಾಡಿ ಎಂಬುದು ಅವರ ಕೋರಿಕೆಯಾಗಿತ್ತು. 2007ರ ಫೆಬ್ರವರಿಯಲ್ಲಿ ಪತ್ರಕರ್ತೆ ಜೇನ್ ಮೇಯರ್ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಸಂಗತಿಗಳೆಲ್ಲ ಹೊರಬಂದವು. ಅದೇ ವರ್ಷ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕೆನಡಾದಲ್ಲಿ ನಡೆದ ನ್ಯಾಯಾಧೀಶರ ಸಭೆಯೊಂದರಲ್ಲಿ ಜಾಕ್ ಬಾವರ್‌ನ ಪರವಾಗಿ ವಾದಿಸಿದರು. ಇಲ್ಲದ ಮನುಷ್ಯನೊಬ್ಬನನ್ನು ನ್ಯಾಯಮೂರ್ತಿಗಳು ಸಾಕ್ಷಿಗೆ ಕರೆದರು!

ಮುಸ್ಲಿಮರ ಮಟ್ಟಿಗೆ ಹೇಳುವುದಾದರೆ '24' ಒಂದೇ ರೀತಿಯಾಗಿರಲಿಲ್ಲ. ಎರಡನೇ ಸೀಸನ್ನಿನಲ್ಲಿ ಎಲ್ಲರ ಸಂಶಯ ರೆಝಾ ಎಂಬ ಮುಸ್ಲಿಂ ಮದುಮಗನ ಮೇಲೆ ಬಿದ್ದರೆ, ನಿಜವಾದ ಅಪರಾಧಿ ಅವನನ್ನು ಮದುವೆಯಾಗಬೇಕಿದ್ದ ಬಿಳಿಯ ಹುಡುಗಿ. ನಾಲ್ಕನೇ ಸೀಸನ್ನಿಗೆ, ಅಂದರೆ 2005ಕ್ಕೆ ಬರುವಾಗ ನೆರೆಮನೆಯ ಸಭ್ಯ ಮುಸ್ಲಿಂ ಸಂಸಾರವೇ ಭಯೋತ್ಪಾದಕರ ಗುಂಪು. ಅಮೆರಿಕದ ಮುಸ್ಲಿಂ ಸಂಘಟನೆ ಕೇರ್ ಆಕ್ಷೇಪಿಸಿದ ಮೇಲೆ ಸದರ್ಲೆಂಡ್ ಬಂದು, ಅಮೆರಿಕದ ಮುಸ್ಲಿಮರು ಭಯೋತ್ಪಾದನೆಯನ್ನು ವಿರೋಧಿಸುತ್ತಾರೆ ಎಂದು ಹೇಳುವ ಪುಟ್ಟ ಪ್ರಕಟಣೆ ಪ್ರಸಾರವಾಯಿತು. 2007ರ ಆರನೇ ಸೀಸನ್ ಇನ್ನೂ ಕೆಟ್ಟದು. ಅದರಲ್ಲಿ ಕಾಲ್ ಪೆನ್ ನಟಿಸಿದ ಅಹ್ಮದ್ ಎಂಬ ಹುಡುಗನನ್ನು ನೆರೆಯವನು ಹೊಡೆಯಲು ಬಂದಾಗ ಇನ್ನೊಂದು ಸಂಸಾರ ಅವನಿಗೆ ಆಸರೆ ಕೊಡುತ್ತದೆ. ಪ್ರೇಕ್ಷಕ ಅಯ್ಯೋ ಎನ್ನುವಷ್ಟರಲ್ಲಿ ಅದೇ ಹುಡುಗ ಆಸರೆ ಕೊಟ್ಟವರ ಮೇಲೆ ಪಿಸ್ತೂಲು ಹಿಡಿಯುತ್ತಾನೆ. ಸಂಶಯಪಟ್ಟವನೇ ಸರಿ, ಕನಿಕರಪಟ್ಟವನು ಮೂರ್ಖ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಆ ಪಾತ್ರದ ಬಗ್ಗೆ ತನಗೆ ಹಿಂಜರಿಕೆಯಿತ್ತೆಂದು ಕಾಲ್ ಪೆನ್ ಅವರೇ ಮುಂದೆ ಹೇಳಿದರು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಏಳನೇ ಸೀಸನ್. ಲೇಖಕರ ಮುಷ್ಕರದಿಂದಾಗಿ ಅದು ಒಂದು ವರ್ಷ ತಡವಾಗಿ ಬಂತು. ಅದು ಆರಂಭವಾದ ಹನ್ನೊಂದನೇ ದಿನ, ಜನವರಿ 22ರಂದು, ಹೊಸ ಅಧ್ಯಕ್ಷ ಒಬಾಮಾ ಸಿಐಎಯ ಕ್ರೂರ ವಿಚಾರಣಾ ಕ್ರಮಗಳನ್ನು ನಿಷೇಧಿಸುವ ಆದೇಶಕ್ಕೆ ಸಹಿ ಹಾಕಿದರು.

ನ್ಯಾಯವಾಗಿ ಹೇಳಬೇಕೆಂದರೆ, ನಂತರದ ಸೀಸನ್‌ಗಳಲ್ಲಿ ಇದೇ ಉತ್ತಮ. ಕಥೆ ಲಾಸ್ ಏಂಜಲೀಸ್ ಬಿಟ್ಟು ವಾಷಿಂಗ್ಟನ್ನಿಗೆ ಬಂದಿದೆ. ಸಿಟಿಯು ಮುಚ್ಚಿಹೋಗಿದ್ದು, ಜಾಕ್ ಈಗ ನಿಯಮ ಪಾಲಿಸುವ ಎಫ್‌ಬಿಐ ಜೊತೆ ಕೆಲಸ ಮಾಡಬೇಕು. ಶತ್ರು ಯಾರೆಂದರೆ ಸ್ಟಾರ್ಕ್‌ವುಡ್ ಎಂಬ ಅಮೆರಿಕದ್ದೇ ಖಾಸಗಿ ಸೈನ್ಯದ ಕಂಪನಿ. 2007ರ ಸೆಪ್ಟೆಂಬರ್‌ನಲ್ಲಿ ಬಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಕಂಪನಿಯ ಕಾವಲುಗಾರರು 17 ಇರಾಕಿಗಳನ್ನು ಕೊಂದದ್ದು ನೆನಪಿರುವವರಿಗೆ ಇದು ಎಲ್ಲಿಂದ ಬಂತೆಂದು ವಿವರಿಸಬೇಕಿಲ್ಲ. ಸ್ಟಾರ್ಕ್‌ವುಡ್ ತನ್ನ ಜೈವಿಕ ಅಸ್ತ್ರವನ್ನು ಪರೀಕ್ಷಿಸಿದ್ದು ಸಂಗಾಲಾ ಎಂಬ ಕಲ್ಪಿತ ಆಫ್ರಿಕನ್ ದೇಶದ ಜನರ ಮೇಲೆ. (ಆ ದೇಶದವರಲ್ಲಿ ಪ್ರಧಾನಿ ಮಟೋಬೋ ಒಬ್ಬರನ್ನು ಬಿಟ್ಟರೆ ಮನುಷ್ಯರಂತೆ ಮಾತಾಡುವವರು ಹೆಚ್ಚು ಮಂದಿ ಸಿಗುವುದಿಲ್ಲ ಎಂಬುದು ಬೇರೆ ಮಾತು.)

ಅಧ್ಯಕ್ಷೆ ಆಲಿಸನ್ ಟೇಲರ್ ಪಾತ್ರದಲ್ಲಿ ಚೆರ್ರಿ ಜೋನ್ಸ್ ಅವರದ್ದು ಈ ಸೀಸನ್ನಿನ ಅತಿ ದೊಡ್ಡ ಅಭಿನಯ. ಅದಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಕೊನೆಯಲ್ಲಿ ತನ್ನ ಮಗಳೇ ಒಂದು ಕೊಲೆಯ ಹಿಂದೆ ಇದ್ದಾಳೆಂದು ತಿಳಿದಾಗ ಟೇಲರ್ ಅವಳನ್ನು ಕಾನೂನಿಗೆ ಒಪ್ಪಿಸುತ್ತಾಳೆ. ಗಂಡ ಬೇಡಿಕೊಂಡರೂ ಬಗ್ಗುವುದಿಲ್ಲ. ತಪ್ಪು ಮಾಡಿದವಳು ತನ್ನ ಮಗಳೇ ಆದರೂ ಕಾನೂನು ಒಂದೇ ಎಂಬ ಪ್ರವಾದಿ(ಸ)ಯವರ ನಿಲುವನ್ನು ಕೇಳುತ್ತಾ ಬೆಳೆದ ನಮ್ಮಂಥವರಿಗೆ ಆ ದೃಶ್ಯ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ.

ಹಾಗಾದರೆ ತಕರಾರು ಏನು? ಜಾಕ್‌ನನ್ನು ಪ್ರಶ್ನಿಸುವವರನ್ನು ಈ ಕಥೆ ಏನು ಮಾಡುತ್ತದೆ ಎಂದು ನೋಡಿ. ವಿಚಾರಣೆ ನಡೆಸಿದ ಸೆನೆಟರ್ ಮೇಯರ್ ಮೊದಲು ಜಾಕ್‌ನ ಮಾತಿಗೆ ಮೆತ್ತಗಾಗುತ್ತಾರೆ, ಆಮೇಲೆ ತನ್ನ ಮನೆಯಲ್ಲೇ ಸ್ಟಾರ್ಕ್‌ವುಡ್‌ನ ಹಂತಕನ ಗುಂಡಿಗೆ ಬಲಿಯಾಗುತ್ತಾರೆ. ನಿಯಮಗಳೇ ನಮ್ಮನ್ನು ಅವರಿಗಿಂತ ಮೇಲಾಗಿ ಇರಿಸಿವೆ ಎಂದು ವಾದಿಸುವ ಎಫ್‌ಬಿಐ ಅಧಿಕಾರಿ ಲ್ಯಾರಿ ಮಾಸ್ ಕೂಡ ಸಾಯುತ್ತಾನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆಯೇ ಕೇಳಿದವರನ್ನು ದಫನ ಮಾಡಲಾಯಿತು.

ಇನ್ನು ಮೇಯರ್ ಅವರ ಸಹಾಯಕ ಬರ್ನೆಟ್‌ನ ಪ್ರಸಂಗ. ಶ್ವೇತಭವನದ ಒಳಗೇ ಜಾಕ್ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ವಿದ್ಯುತ್ ಆಘಾತ ಕೊಡುತ್ತಾನೆ. ಕಾವಲಿನವರು ಬಾಗಿಲು ಒಡೆದು ತಡೆಯುತ್ತಾರೆ. ಕಾನೂನು ಗೆದ್ದಿತು ಎನ್ನಬೇಕು, ಆದರೆ ಸ್ವಲ್ಪ ಹೊತ್ತಿನಲ್ಲೇ ಶತ್ರುಗಳು ಶ್ವೇತಭವನಕ್ಕೆ ನುಗ್ಗುತ್ತಾರೆ. ಬರ್ನೆಟ್‌ಗೆ ಅದು ಗೊತ್ತಿತ್ತು! ಇನ್ನೆರಡು ನಿಮಿಷ ಬಿಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂದು ಪ್ರೇಕ್ಷಕ ಹಲ್ಲು ಕಡಿಯಬೇಕು, ದೃಶ್ಯ ಕಟ್ಟಿರುವುದೇ ಹಾಗೆ. ಜನರಲ್ ಫಿನೆಗನ್ ಕೇಳಿದ ಕಥೆ ಇದಲ್ಲ. ಬರ್ನೆಟ್ ಏನೂ ತಿಳಿಯದ ಒಬ್ಬ ಗುಮಾಸ್ತನಾಗಿದ್ದರೆ? ಅವನು ನೋವು ತಾಳಲಾರದೆ ಬಾಯಿಗೆ ಬಂದ ಯಾರದೋ ಹೆಸರು ಹೇಳಿ, ಆ ಇನ್ನೊಬ್ಬನನ್ನೂ ಹಿಡಿದು ತಂದಿದ್ದರೆ? ವಾಸ್ತವದಲ್ಲಿ ನಡೆದದ್ದು ಇಂಥದೇ. 2014ರ ಡಿಸೆಂಬರ್‌ನಲ್ಲಿ ಹೊರಬಂದ ಅಮೆರಿಕದ ಸೆನೆಟ್ ಗುಪ್ತಚರ ಸಮಿತಿಯ ವರದಿಯಂತೆ ಸಿಐಎ ಹಿಡಿದಿಟ್ಟ 119 ಮಂದಿಯಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದದ್ದೇ ತಪ್ಪು. ಹಿಂಸೆಯ ಕ್ರಮಗಳು ಮಾಹಿತಿ ಪಡೆಯುವ ಪರಿಣಾಮಕಾರಿ ದಾರಿಯಾಗಿರಲಿಲ್ಲ ಎಂದೂ ಅದು ಹೇಳಿತು. '24'ರ ಗಡಿಯಾರದಲ್ಲಿ ಆ 26 ಮಂದಿಗೆ ಒಂದು ಸೆಕೆಂಡೂ ಇಲ್ಲ.

ಇದು ಅಮೆರಿಕದ ಕಥೆ, ನಮಗೇನು ಎನ್ನುವಂತಿಲ್ಲ. '24'ರಲ್ಲಿ ಬಾಯಿ ಬಿಡಿಸಲು ಸೂಜಿಮದ್ದು ಚುಚ್ಚುವುದು ಮಾಮೂಲು. ಅದೇ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ಹೆಸರಾಗಿತ್ತು. ತೆಲಗಿಯ ಪರೀಕ್ಷೆಯ ದೃಶ್ಯಗಳನ್ನು ಟೀವಿ ವಾಹಿನಿಗಳು ಪ್ರಸಾರ ಮಾಡಿದವು, ನಾವು ಊಟ ಮಾಡುತ್ತಾ ನೋಡಿದೆವು. ಸೆಲ್ವಿ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತದ್ದು 2010ರ ಮೇ 5ರಂದು. ಅದೇ ತಿಂಗಳು '24'ರ ಎಂಟನೇ ಸೀಸನ್ ಕೊನೆಗೊಂಡಿತು.

ಮತ್ತೆ ಏಳನೇ ಸೀಸನ್ನಿಗೆ ಬರೋಣ. ಅದರ ಕೊನೆಯ ಭಾಗದಲ್ಲಿ ಜಿಬ್ರಾನ್ ಎಂಬ ಮುಸ್ಲಿಂ ಯುವಕನಿದ್ದಾನೆ. ಸಂಚುಕೋರರು ಅವನ ತಮ್ಮನನ್ನು ಒತ್ತೆಯಿಟ್ಟು, ದಾಳಿ ಮಾಡಿದ್ದು ತಾನೇ ಎಂದು ಅವನಿಂದ ಹೇಳಿಸಿ ವೀಡಿಯೊ ಮಾಡುತ್ತಾರೆ. ಸತ್ತ ಮೇಲೆ ಅವನ ಹೆಸರೇ ಸಾಕ್ಷಿ, ಲೋಕ ಸುಲಭವಾಗಿ ನಂಬುತ್ತದೆ ಎಂಬುದು ಅವರ ಲೆಕ್ಕ. ಆರನೇ ಸೀಸನ್ನಿನ ಅಹ್ಮದ್‌ಗೆ ಇದು ಧಾರಾವಾಹಿಯೇ ಬರೆದ ತಿದ್ದುಪಡಿ. ಜಿಬ್ರಾನ್‌ನನ್ನು ಹುಡುಕುತ್ತಾ ಜಾಕ್ ಇಮಾಮ್ ಮುಹ್ತದಿ ಗೋಹರ್ ಅವರ ಬಳಿ ಹೋಗುತ್ತಾನೆ, ಒರಟಾಗಿ ಪ್ರಶ್ನಿಸುತ್ತಾನೆ. ಇಮಾಮರು ಅಂಜದೆ, ಕೂಗಾಡದೆ ಆ ಹುಡುಗನ ಪರ ನಿಲ್ಲುತ್ತಾರೆ. ತನ್ನ ಊಹೆ ತಪ್ಪೆಂದು ಜಾಕ್‌ಗೆ ಅರಿವಾಗುತ್ತದೆ. ಬಂದೂಕಿನಿಂದಲ್ಲ, ಒಬ್ಬ ಮುಸ್ಲಿಮನ ಮಾತನ್ನು ಕೇಳಿಸಿಕೊಂಡು ಜಾಕ್ ದಾರಿ ಕಂಡುಕೊಂಡನಲ್ಲ ಎಂದು ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ.

ಕೊನೆಯ ಕಂತಿನಲ್ಲಿ ವಿಷಾಣುವಿನ ಸೋಂಕಿಗೆ ಸಿಕ್ಕಿ ಸಾಯುತ್ತಿರುವ ಜಾಕ್ ಆಸ್ಪತ್ರೆಗೆ ಕರೆಸಿಕೊಳ್ಳುವುದು ಪಾದ್ರಿಯನ್ನಲ್ಲ, ಈ ಇಮಾಮರನ್ನು. ತಾನು ತಪ್ಪುಗಳನ್ನು ಮಾಡಿದ್ದೇನೆ, ತಿದ್ದಿಕೊಳ್ಳಲು ಸಮಯವಿದೆ ಎಂದುಕೊಂಡಿದ್ದೆ ಎನ್ನುತ್ತಾನೆ. ಇಮಾಮರು ಅವನ ಕೈ ಹಿಡಿದು, ಇದು ಜಟಿಲವಾದ ಕಾಲ, ಯಾವುದೂ ಪೂರ್ತಿ ಕಪ್ಪಲ್ಲ ಪೂರ್ತಿ ಬಿಳುಪಲ್ಲ, ನಾವಿಬ್ಬರೂ ಮಾಡಿದ ತಪ್ಪುಗಳಿಗೆ ನಮ್ಮನ್ನು ನಾವೇ ಕ್ಷಮಿಸಿಕೊಳ್ಳೋಣ ಎಂಬರ್ಥದ ಮಾತು ಹೇಳುತ್ತಾರೆ. ರವಿ ಕಪೂರ್ ಆ ಪಾತ್ರವನ್ನು ಎಷ್ಟು ಹದವಾಗಿ ಮಾಡಿದ್ದಾರೆಂದರೆ ಕಣ್ಣು ತೇವವಾಗದೆ ಇರುವುದು ಕಷ್ಟ. ಅನೇಕ ಮುಸ್ಲಿಮರಿಗೆ ಇದು ಮೆಚ್ಚಿಗೆಯಾಗಬಹುದು. ಕೊನೆಗೂ ನಮ್ಮನ್ನು ಮನುಷ್ಯರಂತೆ ತೋರಿಸಿದರಲ್ಲ ಎಂಬ ಸಮಾಧಾನ ಸಣ್ಣದಲ್ಲ.

ಆದರೆ ಕಣ್ಣೊರೆಸಿಕೊಂಡ ಮೇಲೆ ಯೋಚಿಸಬೇಕಾಗುತ್ತದೆ. ಇಸ್ಲಾಮಿನಲ್ಲಿ ತೌಬಾ ಎಂಬುದು ದಾಸ ಮತ್ತು ಅಲ್ಲಾಹನ ನಡುವಿನದು, ನಡುವೆ ಪುರೋಹಿತನಿಲ್ಲ. ಅದಕ್ಕಿಂತ ಮುಖ್ಯವಾಗಿ ಹುಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಮನುಷ್ಯರು ಸಲ್ಲಿಸಬೇಕಾದ ಹಕ್ಕುಗಳ ವಿಷಯದಲ್ಲಿ ಅನ್ಯಾಯಕ್ಕೊಳಗಾದವನು ಕ್ಷಮಿಸದೆ ಲೆಕ್ಕ ಚುಕ್ತಾ ಆಗುವುದಿಲ್ಲ. ಇದು ಮದ್ರಸಾದ ಮಕ್ಕಳಿಗೂ ಗೊತ್ತಿರುವ ವಿಷಯ. ನೆರೆಯವನ ಗಡಿಕಲ್ಲು ಸರಿಸಿದವನು ಹಜ್ಜಿಗೆ ಹೊರಡುವ ಮುನ್ನ ಆ ನೆರೆಯವನ ಮನೆಯ ಬಾಗಿಲಿಗೆ ಹೋಗಬೇಕು. ಜಾಕ್ ಹೋಗಬೇಕಾಗಿದ್ದದ್ದು ಇಬ್ರಾಹೀಂ ಹದ್ದಾದ್‌ನ ಬಾಗಿಲಿಗೆ. ಹದ್ದಾದ್ ಪಾಪಿಯೇ ಆಗಿರಲಿ, ಅವನಿಗೆ ಶಿಕ್ಷೆಯೇ ಸಲ್ಲಬೇಕಿತ್ತೆನ್ನಿ, ಶಿಕ್ಷೆ ಬೇರೆ, ಚಿತ್ರಹಿಂಸೆ ಬೇರೆ. ಇಮಾಮರು ಆ ಹೆಸರನ್ನೇ ಕೇಳಿಲ್ಲ. ಜಾಕ್ ಹೇಳುವುದೂ ಇಲ್ಲ. ಅವನ ನಿವೇದನೆಯಲ್ಲಿ ಒಬ್ಬನ ಹೆಸರೂ ಬರುವುದಿಲ್ಲ.

ಇನ್ನೊಂದು ಮಾತು. 'ನಾವಿಬ್ಬರೂ' ಎಂದು ಇಮಾಮರು ಏಕೆ ಹೇಳಬೇಕು? ಅವರು ಮಾಡಿದ ತಪ್ಪಾದರೂ ಏನು? ಧರ್ಮಭೀರುವಾದ ಯಾವ ಇಮಾಮರೂ ತನ್ನನ್ನು ಪಾಪಿಗಳ ಸಾಲಿನಲ್ಲೇ ಸೇರಿಸಿಕೊಳ್ಳುತ್ತಾರೆ, ಅದು ವಿನಯ ಎಂದು ಒಪ್ಪೋಣ. ಆದರೆ ಏಳು ಸೀಸನ್ ಜಾಕ್‌ನನ್ನು ನೋಡಿಕೊಂಡು ಬಂದ ಪ್ರೇಕ್ಷಕನ ಕಿವಿಗೆ ಅದು ಕೇಳಿಸುವುದು ಹೀಗೆ: ನಾವು ಹಿಂಸಿಸಿದೆವು, ನೀವೂ ಏನೋ ಮಾಡಿದಿರಿ, ಲೆಕ್ಕ ಸಮ.

ಇದಕ್ಕೂ ಮೊದಲು ಜಾಕ್ ಎಫ್‌ಬಿಐನ ರೆನೀ ವಾಕರ್ ಜೊತೆ ಆಡುವ ಮಾತು ಇಡೀ ಸರಣಿಯಲ್ಲೇ ಅತಿ ಪ್ರಾಮಾಣಿಕವಾದದ್ದು. ಕಾನೂನು ಮಾಡಿದವರು ನನಗಿಂತ ಬುದ್ಧಿವಂತರು, ಬಸ್ಸಿನಲ್ಲಿರುವ ಹದಿನೈದು ಜನರಿಗಿಂತ ಕಾನೂನು ದೊಡ್ಡದೆಂದು ನನ್ನ ತಲೆಗೆ ಗೊತ್ತು, ಆದರೆ ಎದೆ ಒಪ್ಪುವುದಿಲ್ಲ ಎಂಬುದು ಅದರ ತಾತ್ಪರ್ಯ. ಮೊದಲ ಕಂತಿನ ಬಸ್ಸು ಕೊನೆಯ ಕಂತಿನಲ್ಲಿ ಮರಳಿ ಬಂದಿದೆ, ಅಲ್ಲಿ ಎದೆ ತಟ್ಟಿ ಹೇಳಿದವನು ಇಲ್ಲಿ ತಡವರಿಸುತ್ತಿದ್ದಾನೆ. ಇಷ್ಟು ದೂರ ಬಂದದ್ದಕ್ಕೆ ಹೋವರ್ಡ್ ಗೋರ್ಡನ್ ಮತ್ತು ಅವರ ಜೊತೆಗಾರ ಲೇಖಕರನ್ನು ಮೆಚ್ಚಲೇಬೇಕು. ಬಸ್ಸಿನಲ್ಲಿದ್ದವರು ಎರಡು ಸಲ ಬಂದರು. ಹದ್ದಾದ್ ಮಾತ್ರ ಎರಡನೇ ಸಲ ಬರಲಿಲ್ಲ.

ಆ ಮಾತು ಕೇಳಿದ ರೆನೀ ಏನು ಮಾಡುತ್ತಾಳೆ? ಸಂಚಿನ ಮುಖಂಡ ವಿಲ್ಸನ್ ಬಾಯಿ ಬಿಡುತ್ತಿಲ್ಲ. ಅವಳು ತನ್ನ ಬ್ಯಾಡ್ಜನ್ನು ಕಳಚಿಟ್ಟು, ತಡೆಯಲು ಬಂದ ಸಹೋದ್ಯೋಗಿಗೆ ಕೈಕೋಳ ತೊಡಿಸಿ, ಅವನಿದ್ದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗೆ ನಡೆದದ್ದನ್ನು ಧಾರಾವಾಹಿ ತೋರಿಸುವುದಿಲ್ಲ. 2010ರ ಎಂಟನೇ ಸೀಸನ್ನಿನಲ್ಲಿ ಅವಳು ಕೆಲಸ ಕಳೆದುಕೊಂಡು, ಮಣಿಕಟ್ಟಿನಲ್ಲಿ ಕೊಯ್ದುಕೊಂಡ ಗಾಯದ ಗುರುತು ಹೊತ್ತು ಮರಳಿ ಬರುತ್ತಾಳೆ, ಅವಳ ನೋವನ್ನು ನಾವು ಹತ್ತಿರದಿಂದ ನೋಡುತ್ತೇವೆ. ಅದೇ ಸೀಸನ್ನಿನಲ್ಲಿ ನಮ್ಮ ಅನಿಲ್ ಕಪೂರ್ ಕಾಮಿಸ್ತಾನ್ ಎಂಬ ಕಲ್ಪಿತ ಮುಸ್ಲಿಂ ದೇಶದ ಶಾಂತಿಪ್ರಿಯ ಅಧ್ಯಕ್ಷನಾಗಿ ಬಂದು ಕೊಲೆಯಾಗುತ್ತಾರೆ. (ಮೂರು ವರ್ಷದ ನಂತರ ಅವರೇ ಹಿಂದಿಯ '24'ರಲ್ಲಿ ನಾಯಕರಾದರು.) ರೆನೀ ಕೂಡ ಕೊಲೆಯಾಗುತ್ತಾಳೆ. ಸೇಡಿಗೆ ಹೊರಟ ಜಾಕ್ ಒಬ್ಬನ ಹೊಟ್ಟೆ ಸೀಳಿ ಅವನು ನುಂಗಿದ್ದ ಸಿಮ್ ಕಾರ್ಡನ್ನು ಹೊರತೆಗೆಯುತ್ತಾನೆ. ಇಮಾಮರ ಮಾತು ಆಗ ಅವನಿಗೆ ನೆನಪಾಯಿತೇ ಎಂದು ಲೇಖಕರು ಕೇಳಿಕೊಂಡಂತೆ ಕಾಣುವುದಿಲ್ಲ.