ಕುಡಿಸುವ ಮದ್ದಿಗೆ ನಂಬಿಕೆ, ಉಸಿರಿನ ಮದ್ದಿಗೆ ಭಯ

ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಸಕಲೇಶಪುರದ ಬಳಿಯ ದೋಣಿಗಲ್ ಸುತ್ತಿನ ಊರು, ತೋಟ, ಕೂಲಿಯವರ ಲೈನ್ ಮನೆಗಳಲ್ಲಿ ಮಕ್ಕಳ ಕೆಮ್ಮಿಗೆ ರಾತ್ರಿಯೇ ಹೊತ್ತು. ಹಗಲೆಲ್ಲ ಆಡಿಕೊಂಡಿದ್ದ ಮಗು ಮಲಗಿದ ಮೇಲೆ ಕೆಮ್ಮಲು ಶುರುಮಾಡಿ, ಕೆಮ್ಮಿ ಕೆಮ್ಮಿ ಉಂಡದ್ದನ್ನು ಕಾರಿಕೊಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಆಗ ಮನೆಯವರು ಮಾಡುವ ಕೆಲಸಗಳೂ ಹೆಚ್ಚುಕಡಿಮೆ ಒಂದೇ. ದೊಡ್ಡಪತ್ರೆ ಎಲೆಯನ್ನು ಕೆಂಡದಲ್ಲಿ ಬಾಡಿಸಿ ರಸ ಹಿಂಡುತ್ತಾರೆ, ಮೆಣಸು ಜೀರಿಗೆಯ ಕಷಾಯ ಕಾಯಿಸುತ್ತಾರೆ, ಜೇನು ನೆಕ್ಕಿಸುತ್ತಾರೆ, ಎದೆಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ತಿಕ್ಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗೂಡಿನಲ್ಲಿರುವ ಕೆಮ್ಮಿನ ಸಿರಪ್ಪಿಗೆ ಕೈ ಹೋಗುತ್ತದೆ.

ಈ ರಾತ್ರಿ ವೈದ್ಯವನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ. ಕೇಳಬೇಕಾದ ಪ್ರಶ್ನೆ ಮೂರು. ಇದರಿಂದ ಮಗುವಿಗೆ ಆರಾಮ ಸಿಗುತ್ತದೆಯೇ? ಹಾನಿಯಾಗುತ್ತದೆಯೇ? ಡಾಕ್ಟರ ಹತ್ತಿರ ಹೋಗಬೇಕಾದ ಹೊತ್ತನ್ನು ಇದು ತಪ್ಪಿಸುತ್ತದೆಯೇ? ಹೀಗೆ ನೋಡಿದಾಗ ನನಗೆ ಕಂಡದ್ದಿಷ್ಟು: ಅಜ್ಜಿಯ ಮದ್ದಿನಲ್ಲಿ ಕೆಲವು ಗಟ್ಟಿಯಾಗಿ ನಿಲ್ಲುತ್ತವೆ, ಅಂಗಡಿಯ ಸಿರಪ್ ನಿಲ್ಲುವುದಿಲ್ಲ. ನಿಜವಾಗಿ ಕೆಲಸ ಮಾಡುವ ಔಷಧಿಯನ್ನು ನಾವು ಭಯಪಟ್ಟು ಮನೆಯಿಂದ ಹೊರಗಿಟ್ಟಿದ್ದೇವೆ.

ಯಾವ ಮದ್ದಿಗೂ ಅಂಕ ಕೊಡುವ ಮೊದಲು ಕೆಮ್ಮಿನ ಸ್ವಭಾವ ತಿಳಿದಿರಬೇಕು. ನೆಗಡಿಯ ಜೊತೆ ಬಂದ ಕೆಮ್ಮು ಮೂರು ದಿನಕ್ಕೆ ಹೋಗುವುದಿಲ್ಲ. ಅರ್ಧದಷ್ಟು ಮಕ್ಕಳಲ್ಲಿ ಅದು ಇಳಿಯಲು ಸುಮಾರು 10 ದಿನ ಬೇಕು, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವಾಸಿಯಾಗುವಷ್ಟರಲ್ಲಿ 25 ದಿನವಾಗಿರುತ್ತದೆ. ಹಾಗಾಗಿ ಎಂಟನೆಯ ದಿನ ಕೊಟ್ಟ ಮದ್ದು ಯಾವುದಾದರೂ ಅದಕ್ಕೇ ಹೆಸರು ಬರುತ್ತದೆ. ಒಂದು ಮನೆಯಲ್ಲಿ ವೀಳ್ಯದೆಲೆಯ ರಸಕ್ಕೆ ಕೀರ್ತಿ, ಪಕ್ಕದ ಮನೆಯಲ್ಲಿ ಮೆಡಿಕಲ್‌ನಿಂದ ತಂದ ಬಾಟಲಿಗೆ. ವಾಸಿ ಮಾಡಿದ್ದು ಮಗುವಿನ ಮೈಯೇ.

ಜೇನಿಗೆ ಮಾತ್ರ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯ ಇಯಾನ್ ಪಾಲ್ ಮತ್ತು ಸಂಗಡಿಗರು ರಾತ್ರಿ ಕೆಮ್ಮುತ್ತಿದ್ದ 105 ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. ಮಲಗುವ ಅರ್ಧ ಗಂಟೆ ಮುಂಚೆ ಕೆಲವರಿಗೆ ಜೇನು, ಕೆಲವರಿಗೆ ಕೆಮ್ಮು ತಡೆಯುವ ಡೆಕ್ಸ್‌ಟ್ರೊಮೆಥಾರ್ಫನ್ ಔಷಧಿ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಏನೂ ಕೊಡದವರಿಗಿಂತ ಜೇನು ಕುಡಿದ ಮಕ್ಕಳ ಕೆಮ್ಮು ಕಡಿಮೆಯಾಯಿತು, ಔಷಧಿಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಮ್ಮ ತುಡುವೆ ಜೇನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನಾಲಿಗೆಗೂ ಸೋಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ವಿಷ ಹುಟ್ಟಿಸಿ ನರಗಳನ್ನು ಸೋಲಿಸುತ್ತದೆ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಶಾಸ್ತ್ರವನ್ನು ಈ ಕಾರಣಕ್ಕೇ ಬಿಡಬೇಕು.

ದೊಡ್ಡಮಕ್ಕಳಿಗೆ ಬಿಸಿ ಕಷಾಯ, ದೊಡ್ಡಪತ್ರೆ ರಸ ಗಂಟಲಿಗೆ ಹಿತ, ಮಿತಿಯಲ್ಲಿದ್ದರೆ ತಕರಾರಿಲ್ಲ. ಕರ್ಪೂರದ ಎಣ್ಣೆಯ ವಿಷಯದಲ್ಲಿ ಎಚ್ಚರ ಬೇಕು: ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬಾರದು, ದೊಡ್ಡವರಿಗೂ ಮೂಗಿನ ಹೊಳ್ಳೆಗೆ ಸವರಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವಿಗೆ ಮುಸುಕು ಹೊದಿಸಿ ಹಬೆ ಹಿಡಿಸುವುದರಿಂದ ಲಾಭಕ್ಕಿಂತ ಸುಟ್ಟಗಾಯದ ಅಪಾಯವೇ ಹೆಚ್ಚು. ಇನ್ನು ಚಳಿಗೆಂದು ಮಕ್ಕಳ ಬಾಯಿಗೆ ಬ್ರಾಂದಿ ಬಿಡುವುದನ್ನು ಯಾವ ಸಂಪ್ರದಾಯದ ಹೆಸರಿನಲ್ಲೂ ಸಮರ್ಥಿಸಲಾಗದು.

ಇನ್ನು ಸಿರಪ್. ಕುಡಿಸಿದ ಅರ್ಧ ಗಂಟೆಗೆ ಮಗು ಮಲಗಿತೆಂದು ತಾಯಿ ನೆಮ್ಮದಿಪಡುತ್ತಾಳೆ. ಬಹುಪಾಲು ನೆಗಡಿ ಕೆಮ್ಮಿನ ಸಿರಪ್ಪುಗಳಲ್ಲಿ ಕ್ಲೋರ್‌ಫೆನಿರಮಿನ್‌ನಂಥ ಮಂಪರು ತರಿಸುವ ಔಷಧಿ ಇರುತ್ತದೆ. ಮಗು ಮಲಗಿದ್ದು ಆ ಮಂಪರಿಗೆ. ಕೆಮ್ಮಿನ ಕಾರಣ ಹಾಗೆಯೇ ಉಳಿದಿರುತ್ತದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಅದಾದ ಎರಡು ವರ್ಷಕ್ಕೆ ಮಧ್ಯಪ್ರದೇಶದ ಛಿಂದ್ವಾರ ಜಿಲ್ಲೆಯ ದುರಂತ ನಡೆಯಿತು. ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ನಿಂತು ಸತ್ತರು. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಅದರಲ್ಲಿ ಶೇ 48.6ರಷ್ಟು ಡೈಇಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇ 0.1. ಇದು ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ, ಬಾಯಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು, 2022ರಲ್ಲಿ ಗ್ಯಾಂಬಿಯಾದಲ್ಲಿ ಹತ್ತಾರು ಮಕ್ಕಳನ್ನು ಕೊಂದದ್ದೂ ಇದೇ. 2025ರ ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸುತ್ತೋಲೆ ಹೊರಡಿಸಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅದು ಸಲ್ಲದು. ಎಲ್ಲ ಬಾಟಲಿಯಲ್ಲೂ ವಿಷವಿದೆಯೆಂದು ನಾನು ಹೇಳುತ್ತಿಲ್ಲ. ಲಾಭವೇ ಇಲ್ಲದ ವಸ್ತುವಿಗಾಗಿ ಸಣ್ಣ ಅಪಾಯವನ್ನಾದರೂ ಮಗುವಿನ ಮೇಲೆ ಏಕೆ ಹೇರಬೇಕು?

ಮಳೆಗಾಲ ಬಂದಾಗಲೆಲ್ಲ ಮರುಕಳಿಸುವ, ಬೆಳಗಿನ ಜಾವ ಜೋರಾಗುವ, ಓಡಿದರೆ ನಕ್ಕರೆ ಉಕ್ಕುವ, ಎದೆಗೆ ಕಿವಿಯಿಟ್ಟರೆ ಸುಂಯ್ ಎಂದು ಕೇಳುವ ಕೆಮ್ಮಿದೆಯಲ್ಲ, ಅದು ಬಹುಮಟ್ಟಿಗೆ ಉಬ್ಬಸದ ಕೆಮ್ಮು. ಅದಕ್ಕೆ ಬೇಕಾದದ್ದು ಇನ್ಹೇಲರ್. ಡಾಕ್ಟರು ಅದನ್ನು ಬರೆದುಕೊಟ್ಟರೆ ಮನೆಗೆ ಬಂದ ಮೇಲೆ ಚರ್ಚೆ ಶುರು: "ಪಂಪು ಹಿಡಿಸಿದ್ರೆ ಜೀವನಪೂರ್ತಿ ಬಿಡಕ್ಕಾಗಲ್ಲ ಕಣಮ್ಮ, ಟಾನಿಕ್ಕೇ ಸಾಕು." ಈ ಮಾತನ್ನು ಲೆಕ್ಕ ಹಾಕಿ ನೋಡೋಣ. ಉಸಿರುನಾಳ ಬಿಚ್ಚಿಸುವ ಸಾಲ್ಬುಟಮಾಲ್ ಔಷಧಿ ಸಿರಪ್ಪಿನಲ್ಲೂ ಇದೆ, ಇನ್ಹೇಲರ್‌ನಲ್ಲೂ ಇದೆ. ಸಿರಪ್ಪಿನ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರ್‌ನಲ್ಲಿ, ಸಾಮಾನ್ಯವಾಗಿ 2 ಮಿಲಿಗ್ರಾಂ. ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅದರ ಇಪ್ಪತ್ತನೇ ಒಂದು ಭಾಗ. ಚಮಚದ ಔಷಧಿ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಎದೆ ಡವಗುಟ್ಟಿಸಿ, ಕೈ ನಡುಗಿಸಿ ಆಮೇಲೆ ಶ್ವಾಸಕೋಶ ಮುಟ್ಟುತ್ತದೆ. ಪಫ್‌ನ ಔಷಧಿ ನೇರ ಅಲ್ಲಿಗೇ ಹೋಗುತ್ತದೆ. ನಾವು ಸೌಮ್ಯವೆಂದು ನಂಬಿದ್ದು ಇಪ್ಪತ್ತು ಪಟ್ಟು, ಉಗ್ರವೆಂದು ಹೆದರಿದ್ದು ಒಂದು ಪಟ್ಟು.

ಉಬ್ಬಸ ಪದೇಪದೇ ಬರುವ ಮಕ್ಕಳಿಗೆ ದಿನವೂ ಕೊಡುವ ಸ್ಟೀರಾಯ್ಡ್ ಇನ್ಹೇಲರ್ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕಾದ್ದೂ ಒಂದಿದೆ. ವರ್ಷಗಟ್ಟಲೆ ಬಳಸಿದ ಮಕ್ಕಳು ದೊಡ್ಡವರಾದಾಗ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾದದ್ದು ದಾಖಲಾಗಿದೆ. ಪಫ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯಲ್ಲಿ ಬಿಳಿ ಅಗ್ರ ಕಟ್ಟಬಹುದು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರಾತ್ರಿಯ ನಿದ್ದೆ, ಶಾಲೆಯ ದಿನಗಳು, ಜೀವ ಇವೆ. ಚಟವಂತೂ ಹಿಡಿಯುವುದಿಲ್ಲ, ರೋಗ ಹತೋಟಿಗೆ ಬಂದಂತೆ ಡಾಕ್ಟರೇ ಪ್ರಮಾಣ ಇಳಿಸುತ್ತಾರೆ.

ಮಕ್ಕಳಿಗೆ ಇನ್ಹೇಲರನ್ನು ನೇರ ಬಾಯಿಗೆ ಒತ್ತಬಾರದು, ನಡುವೆ ಸ್ಪೇಸರ್ ಎಂಬ ಕೊಳವೆ ಇರಬೇಕು. ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಸಣ್ಣ ಮಗುವಾದರೆ ಮಾಸ್ಕನ್ನು ಮೂಗುಬಾಯಿಗೆ ಬಿಗಿಯಾಗಿ ಹಿಡಿದು, ಒಂದು ಸಲ ಒತ್ತಿ, ಮಗು ಐದಾರು ಸಲ ಉಸಿರಾಡುವವರೆಗೆ ತೆಗೆಯಬಾರದು. ಎರಡನೆಯ ಪಫ್ ಬೇಕಿದ್ದರೆ ಮತ್ತೆ ಅಲುಗಾಡಿಸಿ ಇದೇ ಕ್ರಮ. ಸ್ಪೇಸರಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಕಿಲ್ಲ. 500 ಮಿಲಿಲೀಟರ್‌ನ ನೀರಿನ ಬಾಟಲಿಯ ತಳಕ್ಕೆ ತೂತು ಮಾಡಿ ತಯಾರಿಸಿದ ಸ್ಪೇಸರ್ ಅಂಗಡಿಯದರಷ್ಟೇ ಕೆಲಸ ಮಾಡುತ್ತದೆಂದು ಕೇಪ್‌ಟೌನಿನ ವೈದ್ಯರು 1999ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ.

ಕಷಾಯ, ಸಿರಪ್ ಎರಡಕ್ಕೂ ಇರುವ ಇನ್ನೊಂದು ಕೊರತೆಯೆಂದರೆ ಅವು ಗಂಟಲನ್ನಷ್ಟೇ ನೋಡುತ್ತವೆ, ಮಗು ಮಲಗುವ ಕೋಣೆಯನ್ನು ನೋಡುವುದಿಲ್ಲ. ಜುಲೈ ತಿಂಗಳಲ್ಲಿ ಲೈನ್ ಮನೆಯೊಂದರ ಒಳಗೆ ನಿಂತು ನೋಡಿ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಗುವಿನ ಬಟ್ಟೆ ಹೊಗೆಯಲ್ಲೇ ಒಣಗುತ್ತಿರುತ್ತದೆ. ಗೋಡೆಯ ಬುಡದಲ್ಲಿ ಬೂಷ್ಟು, ಮೂಲೆಯಲ್ಲಿ ಸೊಳ್ಳೆಬತ್ತಿ, ತಿಂಗಳಿಂದ ಬಿಸಿಲು ಕಾಣದ ಕಂಬಳಿ. ಹಸಿ ಸೌದೆ ಉರಿಯುವ ಅದೇ ಕೋಣೆಯಲ್ಲಿ ಮಗು ಮಲಗುತ್ತದೆ. ಹೊಗೆ ಮತ್ತು ಶೀತ ಎರಡೂ ಉಬ್ಬಸವನ್ನು ಕೆರಳಿಸುತ್ತವೆ. ಮಗುವಿನ ಹಾಸಿಗೆಯನ್ನು ಒಲೆಯಿಂದ ಬೇರೆ ಕೋಣೆಗೆ ಹಾಕುವುದು, ಸೊಳ್ಳೆಬತ್ತಿಯ ಬದಲು ಪರದೆ ಕಟ್ಟುವುದು, ಒಳಗೆ ಬೀಡಿ ಸೇದದಿರುವುದು ಇವಕ್ಕೆ ಹೆಚ್ಚು ಖರ್ಚಿಲ್ಲ. ಸೌದೆ ಒಲೆಯನ್ನು ಬಿಡಿಸುವುದು, ಲೈನ್ ಮನೆಗೆ ಹೊಗೆಗೂಡು ಹಾಕಿಸುವುದು ಮಾತ್ರ ಕೂಲಿಯವರ ಕೈಯಲ್ಲಿಲ್ಲ. ಅದು ತೋಟದ ಮಾಲೀಕರು ಮಾಡಬೇಕಾದ ಕೆಲಸ.

ಡಾಕ್ಟರ ಹತ್ತಿರ ಹೋಗಬೇಕಾದ ಹೊತ್ತು ತಪ್ಪುತ್ತದೆಯೇ ಎಂಬ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಮಗು ಸುಮ್ಮನಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಹಾಲು ನೀರು ಕುಡಿಯಲಾಗದಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಕಡಲೆಬೀಜವೋ ಕಾಫಿಬೀಜವೋ ಬಾಯಲ್ಲಿದ್ದಾಗ ಒಮ್ಮೆಲೇ ಶುರುವಾದ ಕೆಮ್ಮಿಗೂ ಕಾಯಬಾರದು, ಅದು ಉಸಿರುನಾಳದಲ್ಲಿ ಸಿಕ್ಕಿಕೊಂಡಿರಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಜ್ವರ, ತೂಕ ಇಳಿಯುವುದು ಸೇರಿದರೆ ಕ್ಷಯದ ಪರೀಕ್ಷೆ ಆಗಬೇಕು. ಎಳೆದೆಳೆದು ಕೆಮ್ಮಿ ಕೊನೆಗೆ ಊಳಿಟ್ಟಂತೆ ಉಸಿರೆಳೆದರೆ ನಾಯಿಕೆಮ್ಮಿರಬಹುದು. ಲಸಿಕೆ ಕಾರ್ಡ್ ತೆಗೆದು ನೋಡಿ. ನಾಲ್ಕು ವಾರ ಮೀರಿದ ಯಾವ ಕೆಮ್ಮನ್ನೂ ಮನೆಮದ್ದಿನಲ್ಲಿ ನಿಭಾಯಿಸಬಾರದು.

ನಮ್ಮ ಕಡೆ ಆಸ್ಪತ್ರೆ ಮುಟ್ಟುವುದಕ್ಕೂ ಮುಂದಾಲೋಚನೆ ಬೇಕು. ದೋಣಿಗಲ್, ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದರೆ ಶಿರಾಡಿ ಘಾಟಿಯ ದಾರಿ ಬಂದ್, ಮಂಗಳೂರಿನ ಆಸ್ಪತ್ರೆಗಳು ದೂರವಾಗುತ್ತವೆ. ಆಗ ಉಳಿಯುವುದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಅದರಾಚೆ ಹಾಸನ. ನಡುರಾತ್ರಿಗೆ 108.

ಆದ್ದರಿಂದ ಹೋದ ಮಳೆಗಾಲವೆಲ್ಲ ಮಗು ಕೆಮ್ಮಿದ್ದರೆ ಮುಂದಿನ ಮಳೆ ಬರುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲೇ, ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಳ್ಳೆಯ ಸಿರಪ್ ಬರೆದುಕೊಡಿ ಎನ್ನಬೇಡಿ. ಇದು ಉಬ್ಬಸವೇ ಎಂದು ನೇರವಾಗಿ ಕೇಳಿ. ಹೌದೆಂದರೆ ಸ್ಪೇಸರ್ ಬಳಸುವುದನ್ನು ಅಲ್ಲೇ ಅವರೆದುರು ಮಾಡಿ ಕಲಿತು ಬನ್ನಿ.